ಶಿಖರದ ಬಳಿಕ ಐವತ್ತಾರು ವರ್ಷ: ಮೇಜರ್ ಅಹ್ಲುವಾಲಿಯಾ ಅವರ ಬದುಕಿನ ಕುರಿತು ಒಂದು ಟಿಪ್ಪಣಿ

ಮೇಜರ್ ಹರಿಪಾಲ್ ಸಿಂಗ್ ಅಹ್ಲುವಾಲಿಯಾ 2022ರ ಜನವರಿ 14ರಂದು ತೀರಿಕೊಂಡಾಗ ಅವರಿಗೆ 85 ವರ್ಷ. ಅವರ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಒಂದೇ ವರ್ಷದ ಸುತ್ತ ತಿರುಗುತ್ತವೆ: 1965. ಆ ವರ್ಷದ ಮೇ 29ರಂದು ಅವರು ಎವರೆಸ್ಟ್ ತುದಿಯಲ್ಲಿ ನಿಂತರು. ಕೆಲವೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಗುಂಡೇಟು ತಿಂದು ಬೆನ್ನುಹುರಿಗೆ ಪೆಟ್ಟಾಗಿ ನಡೆಯುವ ಶಕ್ತಿ ಕಳೆದುಕೊಂಡರು. ಒಂದು ಏರು, ಒಂದು ಬೀಳು. ಕತೆ ಹೇಳುವವರಿಗೆ ಇಷ್ಟು ಸಿಕ್ಕರೆ ಸಾಕು. ಆದರೆ ಲೆಕ್ಕ ಹಾಕಿ ನೋಡಿದರೆ, ಆ ಗುಂಡು ತಗುಲಿದ ಮೇಲೆ ಅವರು ಬದುಕಿದ್ದು 56 ವರ್ಷ. ಶಿಖರದ ಮೇಲೆ ನಿಂತದ್ದು ಕೆಲವು ನಿಮಿಷ. ಈ ಟಿಪ್ಪಣಿಯ ಕಣ್ಣಿರುವುದು ಆ 56 ವರ್ಷಗಳ ಮೇಲೆ. ಅವರ ಆಟ ಬೇರೆ, ಯುದ್ಧ ಬೇರೆ, ಸೇವೆ ಬೇರೆ ಎಂದು ಮೂರು ಖಾನೆ ಮಾಡಿ ಬರೆಯುವುದು ತಪ್ಪು, ಮೂರನ್ನೂ ಒಂದೇ ಹಗ್ಗ ಬಿಗಿದಿದೆ, ಆ ಹಗ್ಗದ ಇನ್ನೊಂದು ತುದಿ ಇಂಗ್ಲೆಂಡಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿದೆ ಎಂಬುದು ನನ್ನ ವಾದ.

ಮೊದಲು ಪರ್ವತದ ವಿಷಯ, ಏಕೆಂದರೆ ಅದರ ವಿವರಗಳಲ್ಲೇ ಗೊಂದಲ ಹೆಚ್ಚು. ಅಹ್ಲುವಾಲಿಯಾ ಹುಟ್ಟಿದ್ದು 1936ರಲ್ಲಿ, ಸಿಯಾಲ್‌ಕೋಟ್‌ನಲ್ಲಿ. ಬೆಳೆದದ್ದು ಶಿಮ್ಲಾದಲ್ಲಿ. ಹಿಮಾಲಯವನ್ನು ಮನೆಯ ಹಿತ್ತಿಲ ಹಾಗೆ ನೋಡಿಕೊಂಡು ಬೆಳೆದ ಹುಡುಗ ಸೈನ್ಯ ಸೇರಿ ಅಧಿಕಾರಿಯಾದ, ಜೊತೆಗೆ ಪರ್ವತಾರೋಹಿಯೂ ಆದ. ಎವರೆಸ್ಟಿಗೆ ಭಾರತೀಯರು ಅದಕ್ಕೆ ಮೊದಲೇ ಎರಡು ಸಲ ಹೋಗಿ ತುದಿಗೆ ಸ್ವಲ್ಪವೇ ಕೆಳಗಿನಿಂದ ಹಿಂದಿರುಗಿದ್ದರು: 1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ಅವರ ನೇತೃತ್ವದಲ್ಲಿ, 1962ರಲ್ಲಿ ಮೇಜರ್ ಜಾನ್ ಡಯಾಸ್ ಅವರ ನೇತೃತ್ವದಲ್ಲಿ. ಎರಡು ಸಲವೂ ತಡೆದದ್ದು ಹವೆ. ಮೂರನೆಯ ತಂಡದ ನಾಯಕ ಎಂ.ಎಸ್. ಕೊಹ್ಲಿ. ಅವರನ್ನು ಎಲ್ಲರೂ 'ಕ್ಯಾಪ್ಟನ್ ಕೊಹ್ಲಿ' ಎಂದೇ ಬರೆಯುತ್ತಾರೆ. ಅವರು ನೌಕಾಪಡೆಯವರು, 1965ರಲ್ಲಿ ಅವರ ಪದವಿ ಲೆಫ್ಟಿನೆಂಟ್ ಕಮಾಂಡರ್. ನೌಕಾಪಡೆಯ ಕ್ಯಾಪ್ಟನ್ ಪದವಿ ಭೂಸೇನೆಯ ಕ್ಯಾಪ್ಟನ್‌ಗಿಂತ ಬಹಳ ಮೇಲಿನದು. ಆಮೇಲೆ ಬಂದ ಪದವಿಯನ್ನು ಹಿಂದಿನ ಘಟನೆಗೆ ಅಂಟಿಸುವುದರಿಂದ ತಂಡದಲ್ಲಿ ಯಾರು ಹಿರಿಯರು, ಯಾರು ಕಿರಿಯರು ಎಂಬ ಚಿತ್ರವೇ ಮಸುಕಾಗುತ್ತದೆ.

ಆ ವರ್ಷವೂ ಹವೆ ಮೊದಲು ಕೈಕೊಟ್ಟಿತು. ಸೌತ್ ಕೋಲ್ ತನಕ ಏರಿದ್ದವರು ಗಾಳಿಯ ಹೊಡೆತಕ್ಕೆ ಬೇಸ್ ಕ್ಯಾಂಪಿಗೆ ಇಳಿದು ಕಾಯಬೇಕಾಯಿತು. ಮೇ ತಿಂಗಳ ದ್ವಿತೀಯಾರ್ಧದಲ್ಲಿ ಆಕಾಶ ತೆರೆದುಕೊಂಡಿತು. ಮೇ 20ರಂದು ಎ.ಎಸ್. ಚೀಮಾ ಮತ್ತು ನವಾಂಗ್ ಗೊಂಬು ತುದಿ ಮುಟ್ಟಿದರು. ಗೊಂಬುಗೆ ಅದು ಎರಡನೆಯ ಸಲ, 1963ರಲ್ಲಿ ಅಮೆರಿಕದ ತಂಡದ ಜೊತೆ ಏರಿದ್ದರು. ಎವರೆಸ್ಟನ್ನು ಎರಡು ಬಾರಿ ಏರಿದ ಮೊದಲಿಗರು ಅವರೇ. ಮೇ 22ರಂದು ಸೋನಂ ಗ್ಯಾತ್ಸೊ, ಸೋನಂ ವಾಂಗ್ಯಾಲ್. ಮೇ 24ರಂದು ಸಿ.ಪಿ. ವೋಹ್ರಾ, ಆಂಗ್ ಕಾಮಿ. ಕೊನೆಗೆ ಮೇ 29ರಂದು, ತೇನ್‌ಸಿಂಗ್ ಮತ್ತು ಹಿಲರಿ ಏರಿ ಸರಿಯಾಗಿ ಹನ್ನೆರಡು ವರ್ಷ ತುಂಬಿದ ದಿನ, ಎಚ್.ಪಿ.ಎಸ್. ಅಹ್ಲುವಾಲಿಯಾ, ಎಚ್.ಸಿ.ಎಸ್. ರಾವತ್, ಫು ದೋರ್ಜಿ. ಈ ಮೂವರು ಒಟ್ಟಿಗೆ ಎವರೆಸ್ಟ್ ತುದಿಯಲ್ಲಿ ನಿಂತರು. ಒಟ್ಟು ಒಂಬತ್ತು ಜನ. ಎರಡು ವರ್ಷ ಹಿಂದೆ ಅಮೆರಿಕದ ತಂಡ ಆರು ಜನರನ್ನು ಮೇಲೇರಿಸಿತ್ತು. ಒಂದೇ ತಂಡದಿಂದ ಒಂಬತ್ತು ಮಂದಿ ಎಂಬ ದಾಖಲೆ ಮುಂದೆ ಹಲವು ವರ್ಷ ಅಳಿಯಲಿಲ್ಲ.

ಇಲ್ಲಿ ಇನ್ನೊಂದು ಹೆಸರಿನ ತೊಡಕು ಬಿಡಿಸಿಡಬೇಕು. 1965ರ ಫು ದೋರ್ಜಿ ಬೇರೆ, 1984ರ ಭಾರತೀಯ ತಂಡದಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಏರಿದ ಫು ದೋರ್ಜಿ ಬೇರೆ. ಬಚೇಂದ್ರಿ ಪಾಲ್ ಅವರು ಶಿಖರ ಮುಟ್ಟಿದ ವರ್ಷವೂ ಅದೇ 1984 ಆದ್ದರಿಂದ ಆ ಎರಡನೆಯ ಹೆಸರು ಜನರ ನಾಲಿಗೆಯ ಮೇಲೆ ಹೆಚ್ಚು ಉಳಿದಿದೆ. ಅಹ್ಲುವಾಲಿಯಾ ಅವರ ಹಗ್ಗಕ್ಕೆ ಕಟ್ಟಿಕೊಂಡಿದ್ದವರು 1969ರಲ್ಲಿ ಅದೇ ಪರ್ವತದಲ್ಲಿ ತೀರಿಕೊಂಡರು. ಶೆರ್ಪಾಗಳ ವಿಷಯದಲ್ಲಿ ನಮ್ಮ ದಾಖಲೆಗಳು ಇಷ್ಟು ಸಡಿಲವಾಗಿರುವುದು ನೋವಿನ ಸಂಗತಿ. ಒಂದೇ ಹೆಸರಿನ ಇಬ್ಬರನ್ನು ಬೆರೆಸಿಬಿಟ್ಟರೆ ಒಬ್ಬನ ಸಾವೇ ಕಾಣೆಯಾಗುತ್ತದೆ.

ಇಡೀ ತಂಡಕ್ಕೆ ಆ ವರ್ಷದ ಅರ್ಜುನ ಪ್ರಶಸ್ತಿ ಬಂತು. ಅಹ್ಲುವಾಲಿಯಾ ಅವರಿಗೆ ಪದ್ಮಶ್ರೀಯೂ ಬಂತು. ಅರ್ಜುನದ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇನ್ನು ಯುದ್ಧ. ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಹೊತ್ತಿಕೊಂಡದ್ದು ಸೆಪ್ಟೆಂಬರ್ ಹೊತ್ತಿಗೆ ಪಂಜಾಬಿನ ಗಡಿಗೂ ಹರಡಿತು. ಸೆಪ್ಟೆಂಬರ್ 23ರ ನಸುಕಿನಲ್ಲಿ ಕದನವಿರಾಮ ಜಾರಿಗೆ ಬಂತು. ಆ ಯುದ್ಧದ ಇತಿಹಾಸಗಳು ಟ್ಯಾಂಕುಗಳ ಲೆಕ್ಕ, ಗೆದ್ದ ಕಳೆದ ನೆಲದ ಲೆಕ್ಕ ಕೊಡುತ್ತವೆ. ನನ್ನ ಕುತೂಹಲ ಬೆನ್ನುಮೂಳೆಗಳ ಮೇಲೆ. ಅದೇ ಯುದ್ಧದ ಮೂರು ಬೆನ್ನುಮೂಳೆಗಳು ಸಾರ್ವಜನಿಕ ದಾಖಲೆಯಲ್ಲಿವೆ.

ಒಂದು ಅಹ್ಲುವಾಲಿಯಾ ಅವರದು. ಇನ್ನೊಂದು ನಮ್ಮ ಕೊಡಗಿನವರದು. ಕದನವಿರಾಮಕ್ಕೆ ಒಂದು ದಿನ ಮೊದಲು, ಸೆಪ್ಟೆಂಬರ್ 22ರಂದು, ಹಂಟರ್ ವಿಮಾನ ಹಾರಿಸುತ್ತಿದ್ದ ಕೆ.ಸಿ. ಕಾರ್ಯಪ್ಪ ಅವರ ವಿಮಾನಕ್ಕೆ ಗುಂಡು ತಾಗಿತು. ಹೊರಗೆ ಚಿಮ್ಮಿ ನೆಲಕ್ಕೆ ಬಿದ್ದಾಗ ಬೆನ್ನುಮೂಳೆಗೆ ಪೆಟ್ಟಾಯಿತು, ಸೆರೆಸಿಕ್ಕರು. ಅವರು ಜನರಲ್ ಕೆ.ಎಂ. ಕಾರ್ಯಪ್ಪ ಅವರ ಮಗ. (ಇಲ್ಲಿಯೂ ಪದವಿಯ ಎಚ್ಚರ ಬೇಕು. ಫೀಲ್ಡ್ ಮಾರ್ಷಲ್ ಗೌರವ ಬಂದದ್ದು 1986ರಲ್ಲಿ, 1965ರಲ್ಲಿ ಅವರು ಮಡಿಕೇರಿಯಲ್ಲಿದ್ದ ನಿವೃತ್ತ ಜನರಲ್.) ದೇಶ ವಿಭಜನೆಗೆ ಮೊದಲು ಅವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಈಗ ಪಾಕಿಸ್ತಾನದ ಅಧ್ಯಕ್ಷರು. ಮಗನನ್ನು ಬಿಟ್ಟುಬಿಡುವ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತಮ್ಮ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಎಂಬ ಅರ್ಥದ ಉತ್ತರ ತಂದೆಯಿಂದ ಹೋಯಿತೆಂಬುದು ಕೊಡಗಿನಲ್ಲಿ ಮನೆಮಾತು. ಮಗ 1966ರಲ್ಲಿ ಉಳಿದ ಸೆರೆಯಾಳುಗಳ ಜೊತೆಗೇ ಮರಳಿದರು, ಮುಂದೆ ಏರ್ ಮಾರ್ಷಲ್ ಆದರು. ನಾವು ಈ ಪ್ರಸಂಗವನ್ನು ತಂದೆಯ ನಿಷ್ಠುರತೆಯ ಕತೆಯಾಗಿ ಹೇಳುತ್ತೇವೆ. ಆ ತಿಂಗಳುಗಳಲ್ಲಿ ಬೆನ್ನುನೋವಿನೊಂದಿಗೆ ಸೆರೆಯಲ್ಲಿ ಮಲಗಿದ್ದ ಮಗನ ಕಡೆಯಿಂದ ಅದನ್ನು ಹೇಳಿದ್ದು ಕಡಿಮೆ. ಅವರ ಅದೃಷ್ಟಕ್ಕೆ ಮೂಳೆಗೆ ಏಟಾದರೂ ಒಳಗಿನ ಹುರಿ ಉಳಿದಿತ್ತು. ಮೂಳೆ ಮುರಿದರೆ ಕೂಡುತ್ತದೆ. ಹುರಿ ಕಡಿದರೆ ಕೂಡುವುದಿಲ್ಲ.

ಮೂರನೆಯದು ಮುರಳಿಕಾಂತ್ ಪೇಟ್ಕರ್ ಅವರದು. ಬೆಳಗಾವಿ, ವಿಜಯಪುರ ಜಿಲ್ಲೆಗಳ ಆಚೆಗಿನ ಸಾಂಗ್ಲಿ ಜಿಲ್ಲೆಯ ಪೇಠ ಇಸ್ಲಾಂಪುರದಲ್ಲಿ 1944ರಲ್ಲಿ ಹುಟ್ಟಿದವರು. ಹುಡುಗನಾಗಿಯೇ ಸೈನ್ಯದ ಇ.ಎಂ.ಇ. ದಳ ಸೇರಿದರು, ಬಾಕ್ಸಿಂಗ್ ಕಲಿತರು. 1965ರಲ್ಲಿ ಮೈಗೆ ಹಲವು ಗುಂಡು ಹೊಕ್ಕವು. ಒಂದು ಬೆನ್ನುಮೂಳೆಯಲ್ಲಿ ಕೂತುಬಿಟ್ಟಿತು. ಮುಂಬಯಿಯ ನೌಕಾಪಡೆ ಆಸ್ಪತ್ರೆ ಐಎನ್‌ಎಚ್‌ಎಸ್ ಅಶ್ವಿನಿಯಲ್ಲಿ ಚಿಕಿತ್ಸೆ ನಡೆಯಿತು. ಅಲ್ಲಿ ಅವರನ್ನು ನೀರಿಗಿಳಿಸಿದರು.

ನೀರಿಗೇಕೆ ಇಳಿಸಿದರು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಇಡೀ ಕತೆಯ ಬುಡ ಸಿಗುತ್ತದೆ.

ಬೆನ್ನುಹುರಿ ಕಡಿದವನ ಗತಿ ಏನೆಂಬುದನ್ನು ಮನುಷ್ಯರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಕ್ರಿ.ಪೂ. 1600ರ ಸುಮಾರಿನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಕುತ್ತಿಗೆಯ ಮೂಳೆ ಜಾರಿ ಕೈಕಾಲಿನ ಅರಿವು ಹೋದವನ ಲಕ್ಷಣಗಳನ್ನೆಲ್ಲ ಹೇಳಿ, ಇದು ಮದ್ದು ಮಾಡಬಾರದ ರೋಗ ಎಂದು ಕೈಬಿಡುತ್ತದೆ. ಮೂರೂವರೆ ಸಾವಿರ ವರ್ಷ ಆ ತೀರ್ಪು ಹಾಗೇ ನಿಂತಿತ್ತು. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಏಟು ಬಿದ್ದ ಸೈನಿಕರಲ್ಲಿ ಬಹುಪಾಲು ಮಂದಿ ಕೆಲವು ವಾರಗಳಲ್ಲೋ ಕೆಲವು ವರ್ಷಗಳಲ್ಲೋ ತೀರಿಕೊಂಡರು. ಅವರನ್ನು ಕೊಂದದ್ದು ಗುಂಡಲ್ಲ. ಕಾಲು ಸೊಂಟಗಳ ಅರಿವು ಹೋದವನಿಗೆ ಒಂದೇ ಮಗ್ಗುಲಲ್ಲಿ ಮಲಗಿದ್ದೇನೆಂದು ಗೊತ್ತಾಗುವುದಿಲ್ಲ. ಹಾಸಿಗೆಗೂ ಮೂಳೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಚರ್ಮ ಕಪ್ಪಾಗಿ, ಒಡೆದು, ಮೂಳೆಯ ತನಕ ಹುಣ್ಣಾಗುತ್ತದೆ. ಮೂತ್ರ ತಾನಾಗಿ ಹೋಗುವುದಿಲ್ಲ, ನಿಂತ ಮೂತ್ರದಲ್ಲಿ ಸೋಂಕು ಹುಟ್ಟಿ ಮೂತ್ರಪಿಂಡಕ್ಕೆ ಏರುತ್ತದೆ. ಸಾಯಿಸುತ್ತಿದ್ದುದು ಈ ಎರಡು.

ಇದನ್ನು ಬದಲಿಸಿದವರು ಲುಡ್ವಿಗ್ ಗುಟ್‌ಮನ್. 1917ರಲ್ಲಿ, ಇನ್ನೂ ಹದಿಹರೆಯದಲ್ಲಿ, ಆಸ್ಪತ್ರೆಯೊಂದರಲ್ಲಿ ನೆರವಿಗಿದ್ದಾಗ ಬೆನ್ನು ಮುರಿದ ಒಬ್ಬ ಕಲ್ಲಿದ್ದಲು ಗಣಿ ಕೆಲಸಗಾರನನ್ನು ಅವರು ನೋಡಿದ್ದರು. ಮರೆ ಕಟ್ಟಿ ಮಲಗಿಸಿದ್ದರು. ಹೆಚ್ಚು ಬರೆದಿಡುವ ಅಗತ್ಯವಿಲ್ಲ, ಹೇಗೂ ಉಳಿಯುವುದಿಲ್ಲ ಎಂದು ಹಿರಿಯರು ಹೇಳಿದ್ದರು. ಐದು ವಾರಕ್ಕೆ ಅವನು ಸತ್ತ. ಗುಟ್‌ಮನ್ ನರವೈದ್ಯರಾದರು. ಯಹೂದಿಯಾದ್ದರಿಂದ 1939ರಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದರು. 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರಿಗಾಗಿ ಬೆನ್ನುಹುರಿ ವಿಭಾಗ ಅವರ ಕೈಯಲ್ಲಿ ಶುರುವಾಯಿತು. ಅವರು ಮಾಡಿದ್ದು ಕೇಳಲು ಬಹಳ ಸರಳ. ಪ್ಲಾಸ್ಟರಿನ ಹಾಸಿಗೆಗಳನ್ನು ಎಸೆದರು. ಹಗಲಿರುಳು ಎರಡೆರಡು ಗಂಟೆಗೊಮ್ಮೆ ಪ್ರತಿಯೊಬ್ಬ ರೋಗಿಯ ಮಗ್ಗುಲು ಬದಲಿಸಲು ಹೇಳಿದರು. ರಾತ್ರಿ ತಾವೇ ವಾರ್ಡಿಗೆ ಬಂದು ಬದಲಿಸಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದರು. ಅದರಾಚೆಗೆ ಅವರು ಕೊಟ್ಟ ಇನ್ನೊಂದು ಮದ್ದು ಆಟ. ಕಾಲು ಹೋದವನಿಗೆ ತೋಳೇ ಕಾಲು. ಹಾಸಿಗೆಯಿಂದ ಕುರ್ಚಿಗೆ ಜರುಗಲು, ಕುರ್ಚಿ ತಳ್ಳಲು ಹೆಗಲಿನ ಬಲ ಬೇಕು. ಬಿಲ್ಲು ಎಳೆಯುವುದರಿಂದ ಹೆಗಲು ಬಲಿಯುತ್ತದೆ, ಕೂತಲ್ಲೇ ಮೈಯ ತೂಕ ಹಿಡಿದಿಡುವುದು ಅಭ್ಯಾಸವಾಗುತ್ತದೆ. ನೀರಿನಲ್ಲಿ ಮೈ ಹಗುರವಾಗುತ್ತದೆ, ನೆಲದ ಮೇಲೆ ಅಲುಗದ್ದು ಅಲ್ಲಿ ಅಲುಗುತ್ತದೆ. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿ ಗಾಯಾಳುಗಳು, ಅವರಲ್ಲಿ ಇಬ್ಬರು ಹೆಂಗಸರು, ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. 1952ರಲ್ಲಿ ಡಚ್ ಸೈನಿಕರು ಬಂದು ಸೇರಿದರು. 1960ರಲ್ಲಿ ರೋಮ್‌ನಲ್ಲಿ 23 ದೇಶಗಳ 400 ಮಂದಿ. ನಾವೀಗ ಪ್ಯಾರಾಲಿಂಪಿಕ್ಸ್ ಎನ್ನುವುದರ ತವರು ಆ ಹುಲ್ಲುಹಾಸು.

ಹೀಗಾಗಿ 1965ರ ಸೆಪ್ಟೆಂಬರ್‌ನಲ್ಲಿ ಬೆನ್ನಿಗೆ ಗುಂಡು ತಗುಲಿದ ಭಾರತೀಯ ಸೈನಿಕನು ಚರಿತ್ರೆಯ ಒಂದು ಹೊಸ್ತಿಲ ಮೇಲೆ ಬಿದ್ದಿದ್ದ. ಇಪ್ಪತ್ತೈದು ವರ್ಷ ಮೊದಲಾಗಿದ್ದರೆ ಉಳಿಯುವ ಆಸೆಯೇ ಇರಲಿಲ್ಲ. ಅಹ್ಲುವಾಲಿಯಾ ಸ್ಟೋಕ್ ಮ್ಯಾಂಡೆವಿಲ್‌ಗೇ ಹೋಗಿ ಚಿಕಿತ್ಸೆ ಪಡೆದರು. ಪೇಟ್ಕರ್ ಅವರಿಗೆ ಅದೇ ವಿದ್ಯೆ ಮುಂಬಯಿಯ ಈಜುಕೊಳದಲ್ಲಿ ಸಿಕ್ಕಿತು. ಒಬ್ಬರು ಅಧಿಕಾರಿ, ಇನ್ನೊಬ್ಬರು ಸಾಮಾನ್ಯ ಸೈನಿಕ. ಒಬ್ಬರು ಪೆಟ್ಟಾಗುವ ಮೊದಲೇ ಹೆಸರಾಂತ ಕ್ರೀಡಾಳು, ಇನ್ನೊಬ್ಬರು ಪೆಟ್ಟಾದ ಮೇಲೆ ಹೆಸರಾದವರು. 1968ರಲ್ಲಿ ಟೆಲ್ ಅವೀವ್‌ನಲ್ಲಿ ಭಾರತ ಮೊದಲ ಸಲ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾಗವಹಿಸಿದಾಗ ಪೇಟ್ಕರ್ ಹೋಗಿದ್ದರು. ಅವರಿಗೆ ಬೆನ್ನಾಗಿ ನಿಂತವರಲ್ಲಿ ಕ್ರಿಕೆಟಿಗ ವಿಜಯ್ ಮರ್ಚೆಂಟ್ ಒಬ್ಬರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಅದು ವಿಶ್ವದಾಖಲೆ. ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಅವರಿಂದ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ಬರಲು ಇನ್ನೂ 36 ವರ್ಷ ಬೇಕಿತ್ತು.

ಅರ್ಜುನ ಪ್ರಶಸ್ತಿಯ ಮಾತಿಗೆ ಈಗ ಬರುತ್ತೇನೆ. ಅಹ್ಲುವಾಲಿಯಾ ಅವರಿಗೆ ಅದು ಏರಿದ ವರ್ಷವೇ ಬಂತು. ಪೇಟ್ಕರ್ ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅರ್ಜುನ, ಜೀವಮಾನ ಸಾಧನೆಯ ಹೆಸರಿನಲ್ಲಿ, ಕೈಗೆ ಬಂದದ್ದು 2025ರ ಜನವರಿಯಲ್ಲಿ, ಈಜಿ ಗೆದ್ದು 52 ವರ್ಷಗಳ ಮೇಲೆ. ಈ ಅಂತರವನ್ನು ಯಾವುದೋ ಕಚೇರಿಯ ವಿಳಂಬ ಎಂದು ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಗಟ್ಟಿ ಕಾಲಿನವನ ಆಟವನ್ನು ಆಟವೆಂದೂ, ಗಾಲಿಕುರ್ಚಿಯವನ ಆಟವನ್ನು ಉಪಚಾರವೆಂದೂ ಕಂಡ ಒಂದು ಕಾಲದ ಕಣ್ಣೇ ಹಾಗಿತ್ತು. ಗುಟ್‌ಮನ್ ಆಟವನ್ನು ಔಷಧಿಯಾಗಿ ಶುರು ಮಾಡಿದ್ದರಿಂದ ಈ ತಪ್ಪು ತಿಳಿವಳಿಕೆಗೆ ದಾರಿಯಾಯಿತು ಎಂದು ಕೆಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಔಷಧಿಯಾಗಿ ಶುರುವಾದದ್ದು ಸ್ಪರ್ಧೆಯಾಗಿ ಬೆಳೆಯಲಿ ಎಂದು ಅವರೇ ಗಡಿಯಾರ ಹಿಡಿದು, ಅಂಕ ಎಣಿಸಿ, ಬಹುಮಾನ ಕೊಟ್ಟು ನಡೆಸಿದರು. ಕನಿಕರದಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ.

ಅಹ್ಲುವಾಲಿಯಾ ಮತ್ತೆ ಎತ್ತರದ ಪರ್ವತ ಏರಲಿಲ್ಲ, ಆದರೆ ಪರ್ವತವನ್ನು ಬಿಡಲೂ ಇಲ್ಲ. 1973ರಲ್ಲಿ ತಮ್ಮ ಆತ್ಮಕಥೆ 'ಹೈಯರ್ ದ್ಯಾನ್ ಎವರೆಸ್ಟ್' ಬರೆದರು. 'ಫೇಸಸ್ ಆಫ್ ಎವರೆಸ್ಟ್' ಎಂಬ ಇನ್ನೊಂದು ಪುಸ್ತಕದಲ್ಲಿ ಆ ಪರ್ವತದ ಚರಿತ್ರೆಯನ್ನೇ ಕೈಗೆತ್ತಿಕೊಂಡರು. ಲಡಾಖ್ ಬಗ್ಗೆ ಬರೆದರು. 1994ರಲ್ಲಿ ಹಳೆಯ ರೇಷ್ಮೆ ಹಾದಿಯಲ್ಲಿ ಮೋಟಾರು ವಾಹನಗಳ ಮೇಲೆ ಮಧ್ಯ ಏಷ್ಯಾ ಸುತ್ತುವ ಯಾತ್ರೆಯೊಂದನ್ನು ಮುನ್ನಡೆಸಿದರು. ಆಗ ಅವರಿಗೆ 57 ವರ್ಷ. ಗಾಲಿಕುರ್ಚಿಯಲ್ಲಿ ಕೂತು 29 ವರ್ಷ ಕಳೆದಿತ್ತು. ಇಂಥ ಪ್ರಯಾಣದಲ್ಲಿ ಬೆನ್ನುಹುರಿ ಹೋದವರ ಚರ್ಮಕ್ಕೆ ಒದಗುವ ಅಪಾಯ ಎಷ್ಟೆಂಬುದು ಮೇಲಿನ ಪ್ಯಾರಾ ಓದಿದವರಿಗೆ ಗೊತ್ತಾಗುತ್ತದೆ. ಕುಲುಕುವ ಸೀಟಿನಲ್ಲಿ ಗಂಟೆಗಟ್ಟಲೆ ಕೂರುವುದು ಅವರಿಗೆ ಹಿಮನದಿ ದಾಟುವುದಕ್ಕೆ ಕಡಿಮೆಯಲ್ಲ. ಸಾಹಸಕ್ಕಾಗಿ ಕೊಡುವ ತೇನ್‌ಸಿಂಗ್ ನಾರ್ಗೆ ಪ್ರಶಸ್ತಿ ಜೀವಮಾನದ ಸಾಧನೆಗೆ ಅವರಿಗೆ ಸಂದಾಗ, ಅದರಲ್ಲಿ ಈ ರಸ್ತೆಗಳಿಗೂ ಪಾಲಿತ್ತು ಎಂದೇ ನನ್ನ ಎಣಿಕೆ.

ಅವರ ಬದುಕಿನ ದೊಡ್ಡ ಕೆಲಸ ಮಾತ್ರ ದೆಹಲಿಯ ವಸಂತ ಕುಂಜ್‌ನಲ್ಲಿದೆ. ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ತಮಗೆ ಸಿಕ್ಕದ್ದು ತಮ್ಮ ದೇಶದ ಸಾಮಾನ್ಯ ಜನರಿಗೆ ಸಿಗುತ್ತಿಲ್ಲ ಎಂಬ ಅರಿವಿನಿಂದ ಅವರು ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಕಟ್ಟಿದರು. ಇಟಲಿ ಸರ್ಕಾರದ ಸಹಕಾರ ಸಿಕ್ಕಿತು. ಅದರ ಅಧ್ಯಕ್ಷರಾಗಿ ದಶಕಗಳ ಕಾಲ ದುಡಿದರು. ಆಸ್ಪತ್ರೆಯೊಂದಿಗೆ ಪುನರ್ವಸತಿ ವಿಜ್ಞಾನ ಕಲಿಸುವ ಸಂಸ್ಥೆಯೂ ಬೆಳೆಯಿತು. ಭಾರತೀಯ ಪುನರ್ವಸತಿ ಪರಿಷತ್ತಿನ ಅಧ್ಯಕ್ಷ ಸ್ಥಾನವನ್ನೂ ಅವರು ವಹಿಸಿದ್ದರು. 1992ರ ಕಾಯ್ದೆಯಡಿ ಬಂದ ಈ ಪರಿಷತ್ತು, ವಿಕಲಚೇತನರ ಜೊತೆ ಕೆಲಸ ಮಾಡುವ ತಜ್ಞರಿಗೆ ಎಂಥ ತರಬೇತಿ ಬೇಕೆಂದು ನಿರ್ಧರಿಸಿ, ಅವರ ಹೆಸರುಗಳನ್ನು ನೋಂದಾಯಿಸಿಕೊಳ್ಳುವ ಸಂಸ್ಥೆ. ಓದಲು ಒಣ ಕೆಲಸವೆನ್ನಿಸುತ್ತದೆ. ಆದರೆ ಕೃತಕ ಕಾಲು ಅಳತೆಗೆ ಸರಿಯಾಗಿ ಕೂರುವುದೋ ಇಲ್ಲವೋ ಎಂಬುದು ಇಂಥ ಒಣ ಕೆಲಸದ ಮೇಲೆ ನಿಂತಿರುತ್ತದೆ. 2002ರಲ್ಲಿ ಬಂದ ಪದ್ಮಭೂಷಣ ಈ ದುಡಿಮೆಗೆ ಸಂದದ್ದು.

ಸೈನ್ಯ ತನ್ನವರಿಗಾಗಿ ಮಾಡಿಕೊಂಡ ವ್ಯವಸ್ಥೆ ಬೇರೆ ಇತ್ತು. ಪುಣೆಯ ಖಡಕಿಯಲ್ಲಿರುವ, ಗಾಯಗೊಂಡ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 1917ರಲ್ಲೇ ಶುರುವಾಗಿತ್ತು. ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಕೇಂದ್ರ ಅಲ್ಲೇ 1974ರಲ್ಲಿ ಶುರುವಾಯಿತು. ಅಹ್ಲುವಾಲಿಯಾ ಮಾಡಿದ್ದರ ವಿಶೇಷ ಇಲ್ಲಿದೆ: ಯುದ್ಧದ ಗಾಯದಿಂದ ಕಲಿತದ್ದನ್ನು ಅವರು ಯೋಧರಿಗೆ ಮೀಸಲಿಡಲಿಲ್ಲ. ಬೈಕಿನಿಂದ ಬಿದ್ದವರು, ಮಹಡಿಯಿಂದ ಬಿದ್ದ ಗಾರೆ ಕೆಲಸದವರು, ಬಾವಿಗಿಳಿದು ಜಾರಿದವರು, ಮರದಿಂದ ಬಿದ್ದವರು, ಇವರ ಬೆನ್ನುಹುರಿಗೂ ಸೈನಿಕನ ಬೆನ್ನುಹುರಿಗೂ ಒಳಗೆ ವ್ಯತ್ಯಾಸವಿಲ್ಲ. ಗುಟ್‌ಮನ್ ವಾರ್ಡೂ ಹಾಗೆಯೇ ಸೈನಿಕರಿಂದ ಶುರುವಾಗಿ ನಾಗರಿಕರಿಗೆ ತೆರೆದುಕೊಂಡಿತ್ತು. ಪರ್ವತದಲ್ಲಿ ಮೂವರು ಒಂದು ಹಗ್ಗಕ್ಕೆ ಕಟ್ಟಿಕೊಂಡರೆ ಒಬ್ಬನ ಕಾಲು ಜಾರಿದಾಗ ಇಬ್ಬರು ಹಿಡಿಯಬೇಕು. ಜಾರಿದವನು ಯಾರು, ಯಾವ ಹುದ್ದೆ ಎಂದು ಕೇಳಲು ಅಲ್ಲಿ ಹೊತ್ತಿರುವುದಿಲ್ಲ. ಅವರ ಆಟ ಅವರ ಸೇವೆಯೊಳಗೆ ಹೇಗೆ ಬಂತು ಎಂದು ಕೇಳಿದರೆ ನಾನು ತೋರಿಸುವುದು ಇದನ್ನೇ.

ಕನ್ನಡದಲ್ಲಿ ಇಂಥವರನ್ನು ನೆನೆಯಲು ನಮಗಿರುವ ಮಾದರಿ ಯಾವುದು ಎಂಬ ಪ್ರಶ್ನೆ ಈ ಟಿಪ್ಪಣಿ ಬರೆಯುವಾಗ ನನ್ನನ್ನು ಬಿಡಲಿಲ್ಲ. ನಮ್ಮ ನೆಲದ ದೊಡ್ಡ ಮಾದರಿ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಕಾಳಗಕ್ಕೂ ಸ್ವರ್ಗಕ್ಕೂ ನಡುವೆ ಮನೆಗೆ ಮರಳುವ ಪಟ್ಟಿಕೆ ಇಲ್ಲ. ಗಾಯಗೊಂಡು ಬದುಕಿ ಮುದುಕನಾದವನಿಗೆ ಆ ಕಲ್ಲಿನಲ್ಲಿ ಜಾಗ ಸಿಗದು. ಹಾಗೆಂದು ಬದುಕುಳಿದ ಯೋಧ ನಮ್ಮ ಶಾಸನಗಳಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೋಡಿ. ಕ್ರಿ.ಶ. 949–50ರ ಆ ಕಲ್ಲು ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನ ಕತೆ ಹೇಳುತ್ತದೆ. ಮೆಚ್ಚಿದ ದೊರೆ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದಿಗೆ ಸೆಣಸಿ, ಎರಡೂ ಸತ್ತಾಗ, ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿದ. ಯುದ್ಧದಿಂದ ಜೀವಂತ ಮರಳಿದವನೊಬ್ಬ ಏನು ಮಾಡಿಕೊಂಡಿದ್ದ, ಯಾರ ಜೊತೆ ಕಾಡು ಸುತ್ತುತ್ತಿದ್ದ, ಯಾರನ್ನು ಕಳೆದುಕೊಂಡು ಅತ್ತ ಎಂಬುದನ್ನು ಅದು ಹೇಳುತ್ತದೆ. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ತಕ್ಕೋಲಕ್ಕಿಂತ ಆ ನಂತರದ ದಿನಗಳೇ ಮನಸ್ಸಿಗೆ ಬರುತ್ತವೆ.

ಇನ್ನು ನಾನು ಈ ವಿಷಯದ ಹಿಂದೆ ಬಿದ್ದ ಕಾರಣ. ನಾನು ಚಿಕ್ಕವನಿದ್ದಾಗ ನಮ್ಮ ತೋಟದಲ್ಲಿ ಕೊನೆ ತೆಗೆಯಲು ಬರುತ್ತಿದ್ದ ಕೊನೆಗೌಡನೊಬ್ಬ ಮಳೆ ನಿಂತ ಮರುದಿನ ಅಡಕೆ ಮರದಿಂದ ಬಿದ್ದ. ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಜೀಕಿಕೊಂಡು ಹೋಗುವುದರಲ್ಲಿ ಅವನನ್ನು ಮೀರಿಸುವವರು ಸುತ್ತಲ ನಾಲ್ಕು ಊರಲ್ಲಿ ಇರಲಿಲ್ಲ. ನಾವು ಹುಡುಗರು ತೋಟದ ಏರಿಯ ಮೇಲೆ ನಿಂತು ಅದನ್ನು ಆಟ ನೋಡಿದ ಹಾಗೆ ನೋಡುತ್ತಿದ್ದೆವು. ಬಿದ್ದವನಿಗೆ ಎಚ್ಚರವಿತ್ತು. ಕಾಲು ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ ಒಡೆಯಾ ಎಂದು ನನ್ನ ಅಪ್ಪನಿಗೆ ಹೇಳಿದ. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಮೂರು ತಿಂಗಳು ಬದುಕಿದ್ದ. ಒಂದೇ ಮಗ್ಗುಲಲ್ಲಿ, ಗೋಣಿಚೀಲ ಹಾಸಿದ ಮಂಚದ ಮೇಲೆ. ಸೊಂಟದ ಹಿಂದಿನ ಹುಣ್ಣಿಗೆ ಅವನ ಹೆಂಡತಿ ಅರಿಶಿನ ಕಟ್ಟುತ್ತಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು ಎಂದು ಆ ಹೆಂಗಸಿಗೆ ಯಾರೂ ಹೇಳಿರಲಿಲ್ಲ. ಅದು ವಸಂತ ಕುಂಜ್‌ನ ಕೇಂದ್ರ ಇನ್ನೂ ಕಟ್ಟಿರದ ಕಾಲ. ಸ್ಟೋಕ್ ಮ್ಯಾಂಡೆವಿಲ್ ಮಾತ್ರ ಅದಾಗಲೇ ಮೂರು ದಶಕ ಹಳೆಯದು.

ಬೆನ್ನು ಮುರಿದವನನ್ನು ಎತ್ತುವ ಕ್ರಮವನ್ನು ಈಗ ಪ್ರಥಮ ಚಿಕಿತ್ಸೆಯ ತರಗತಿಗಳಲ್ಲಿ ಕಲಿಸುತ್ತಾರೆ. ಬಿದ್ದಲ್ಲೇ ಬಿಡಬೇಕು. ಒಬ್ಬರು ತಲೆ ಕುತ್ತಿಗೆಗಳನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿಯಬೇಕು. ಮೂರು ನಾಲ್ಕು ಜನ ಒಂದೇ ಪಕ್ಕದಲ್ಲಿ ಕೂತು, ಎಣಿಸಿ, ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈಯನ್ನು ಒಂದೇ ಸಲ ಹೊರಳಿಸಿ, ಕೆಳಗೆ ಹಲಗೆ ತೂರಿಸಬೇಕು. ನಡು ಬಾಗಬಾರದು. ಬಾಗಿದರೆ ಮುರಿದ ಮೂಳೆಯ ಚೂರು ಇನ್ನೂ ಉಳಿದಿರುವ ಹುರಿಯನ್ನೂ ಕತ್ತರಿಸುತ್ತದೆ. ಆ ದಿನ ನಮ್ಮ ತೋಟದಲ್ಲಿ ಇಬ್ಬರು ಅವನ ಕಂಕುಳಿಗೆ ಕೈ ಹಾಕಿದರು, ಇಬ್ಬರು ಕಾಲು ಹಿಡಿದರು. ನಡು ಜೋತುಬಿದ್ದಿತ್ತು. ಹಾಗೆಯೇ ಏರಿಯ ತನಕ ಹೊತ್ತು ತಂದು, ಜೀಪಿನ ಹಿಂದಿನ ಸೀಟಿನಲ್ಲಿ ಮಂಡಿ ಮಡಿಸಿ ಕೂರಿಸಿದರು. ಎಲ್ಲರೂ ಅವನ ಜೀವದ ಗೆಳೆಯರೇ, ಎಲ್ಲರೂ ಅಳುತ್ತಿದ್ದರು. ನಮ್ಮ ಕೊಟ್ಟಿಗೆಯ ಗೋಡೆಗೆ ಹಳೆಯ ಬಾಗಿಲಿನ ಹಲಗೆಯೊಂದು ಒರಗಿಸಿಟ್ಟಿತ್ತು, ಆರಡಿ ಉದ್ದದ್ದು.